ನಾಲ್ಕು ಮೂಗಿನ ಗಾಡಿ

ಎಲ್ಲ ಶುರುವಾದದ್ದು ಮೂರನೆಯ ಮಹಡಿಯಿಂದ ಕೆಳಗೆ ಬಿದ್ದ ಒಂದು ಮಾತಿನಿಂದ.

ಅಲೆಕ್ಸಾಂಡ್ರಿಯಾದ ಕರ್ಮೂಜ್ ಪೇಟೆಯ ಆ ಗಲ್ಲಿಯಲ್ಲಿ ಮೇಲಿನಿಂದ ಏನಾದರೊಂದು ಬೀಳುತ್ತಲೇ ಇರುತ್ತದೆ. ಒಣಹಾಕಿದ ಲಂಗ, ಈರುಳ್ಳಿ ಸಿಪ್ಪೆ, ಪಾರಿವಾಳದ ಪುಕ್ಕ, ಒಮ್ಮೊಮ್ಮೆ ಗೋಡೆಯ ಗಾರೆ. ಇದಕ್ಕೆಲ್ಲ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಾತು ಬಿದ್ದರೆ ಮಾತ್ರ ಹೆಕ್ಕಿಕೊಳ್ಳಲು ಹತ್ತು ಜನ ಓಡಿಬರುತ್ತಾರೆ.

ಆ ಮಾತು ಬಿದ್ದದ್ದು ಶೌಕಿಯ ತಲೆಯ ಮೇಲೆ. ಶೌಕಿ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತ. ಹೆಸರು ಶೌಕಿಯಾದರೂ ಮನುಷ್ಯ ಶೋಕಿಯವನಲ್ಲ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಕಚೇರಿಯಲ್ಲಿ ಅವನು ರಜೆ ಹಾಕಿದರೆ ಮೂರನೆಯ ದಿನ ಯಾರಿಗಾದರೂ ನೆನಪಾಗುತ್ತಿತ್ತು. ಅವನ ಬಾಳಿನಲ್ಲಿ ಜನ ತಿರುಗಿ ನೋಡುವಂಥದ್ದು ಒಂದೇ: ಕುವೈತಿನಿಂದ ಮರಳಿದ ಸೋದರಮಾವ ಬಿಟ್ಟುಹೋಗಿದ್ದ ಜಪಾನಿನ ಹಳೆಯ ಮೋಟಾರ್ ಸೈಕಲ್ಲು. ನಾಲ್ಕು ಸಿಲಿಂಡರು, ಅವಕ್ಕೆ ಪೆಟ್ರೋಲಿನಲ್ಲಿ ಗಾಳಿ ಬೆರೆಸಿ ಉಣಿಸುವ ನಾಲ್ಕು ಕಾರ್ಬೊರೇಟರು. ಇಷ್ಟೆಲ್ಲ ಇದ್ದೂ ಅದರ ಸದ್ದು ಮಾತ್ರ ಹೊಲಿಗೆ ಯಂತ್ರದ್ದು. ಸೀಟಿನ ಕೆಳಗೆ ಒಂದು ಕರಿಯ ಗಾಳಿಪೆಟ್ಟಿಗೆಯಿತ್ತು. ನಾಲ್ಕು ಕಾರ್ಬೊರೇಟರುಗಳೂ ಅದರೊಳಗಿನಿಂದ ಸೋಸಿದ ಗಾಳಿಯನ್ನು ಎಳೆದುಕೊಂಡು, ಮಸೀದಿಗೆ ಬಂದ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದವು.

ಮೂರನೆಯ ಮಹಡಿಯಲ್ಲಿದ್ದವಳು ಮದಾಮ್ ಇನ್ಶಿರಾ. ಗಂಡ ಫತ್ಹಿ ಸತ್ತು ಮೂರು ವರ್ಷವಾಗಿತ್ತು. ಬಟ್ಟೆ ಹೊಲಿದು ಬದುಕುತ್ತಿದ್ದಳು. ಬೆಳಗ್ಗೆ ಅವಳು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗೆ ಇಳಿಬಿಡುತ್ತಿದ್ದಳು. ಶೌಕಿ ಕಾಲುವೆಯಾಚೆಯ ಬೇಕರಿಯಿಂದ ಗಾಡಿಯಲ್ಲಿ ಬಿಸಿ ರೊಟ್ಟಿ ತಂದು ಅದರಲ್ಲಿಟ್ಟು ಹಗ್ಗ ಜಗ್ಗುತ್ತಿದ್ದ. ಬುಟ್ಟಿ ಮೇಲೆ ಹೋಗುತ್ತಿತ್ತು. ಅವರಿಬ್ಬರ ಪ್ರೇಮವೆಂದರೆ ಇಷ್ಟೇ, ಆದರೆ ಶೌಕಿಗೆ ಅದು ಹೊಟ್ಟೆ ತುಂಬುವಷ್ಟಿತ್ತು. ಕೊನೆಗೊಮ್ಮೆ ಧೈರ್ಯ ಮಾಡಿ ಅವಳ ಅಣ್ಣ ಹಾಜಿ ಮಿತ್ವಲ್ಲಿಯ ಮೂಲಕ ಮದುವೆಯ ಮಾತು ಎತ್ತಿದ್ದ. ಈ ಶುಕ್ರವಾರ ಸಂಜೆಯ ನಮಾಜು ಮುಗಿಸಿ ಬಂದು ಉತ್ತರ ಹೇಳುತ್ತೇನೆಂದು ಹಾಜಿ ಮಾತು ಕೊಟ್ಟಿದ್ದ. ಒಪ್ಪಿಗೆಯಾದರೆ ಅಲ್ಲೇ ಕೂತು ಕುರಾನಿನ ಫಾತಿಹಾ ಓದಿ ಗಟ್ಟಿ ಮಾಡಿಬಿಡುವುದು.

ಆ ಶುಕ್ರವಾರವೇ ಬೆಳಗ್ಗೆ ಶೌಕಿ ಹಗ್ಗ ಜಗ್ಗಿದಾಗ ಮೇಲಿನಿಂದ ಇನ್ಶಿರಾಳ ದನಿ ಕೇಳಿತು.

"ಉಸ್ತಾದ್ ಶೌಕಿ, ನಿಮ್ಮ ಗಾಡಿ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ ನೋಡಿ."

ಅಷ್ಟು ಹೇಳಿ ಬುಟ್ಟಿ ಎಳೆದುಕೊಂಡು ಒಳಗೆ ಹೋದಳು. ನಗುತ್ತಾ ಹೇಳಿದಳೋ ಮೂಗು ಮುರಿದು ಹೇಳಿದಳೋ, ಮೂರು ಮಹಡಿ ಕೆಳಗೆ ನಿಂತವನಿಗೆ ಹೇಗೆ ತಿಳಿಯಬೇಕು? ಇನ್ನೊಬ್ಬನಾಗಿದ್ದರೆ ಸಂಜೆಯವರೆಗೆ ಸುಮ್ಮನಿರುತ್ತಿದ್ದ. ಶೌಕಿ ಇರಲಾರದೆ ಇರುವೆ ಬಿಟ್ಟುಕೊಂಡವರ ಜಾತಿಯವನು. ಎದುರಿನ ಕಾಫಿ ಅಂಗಡಿಗೆ ಹೋಗಿ, ಈ ಮಾತಿಗೆ ಅರ್ಥವೇನಿರಬಹುದೆಂದು ಕೇಳಿದ.

ಆ ಕಾಫಿ ಅಂಗಡಿಯಲ್ಲಿ "ಗೊತ್ತಿಲ್ಲ" ಎಂಬ ಮಾತನ್ನು ಇದುವರೆಗೆ ಯಾರೂ ಆಡಿಲ್ಲ. ದಾರಿ ಕೇಳಿದರೆ, ಗೊತ್ತಿಲ್ಲದವನೂ ಎದ್ದು ನಿಂತು ಕೈ ತೋರಿಸುತ್ತಾನೆ. ಕೇಳಿದವನು ಅರ್ಧ ದಿನ ಅಲೆದರೂ ತೋರಿಸಿದವನ ಮರ್ಯಾದೆ ಉಳಿಯುತ್ತದೆ. ಇವರೆಲ್ಲರಿಗೂ ಹಿರಿಯ ಇಂಜಿನಿಯರ್ ಹಿಲ್ಮಿ. ಹಿಲ್ಮಿ ಯಾವ ಇಂಜಿನಿಯರಿಂಗನ್ನೂ ಓದಿದವನಲ್ಲ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿಕೊಂಡು ಬರುತ್ತಿದ್ದವನು ನಿವೃತ್ತನಾಗಿದ್ದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಮಾತಾಡುವವನನ್ನು ಇಂಜಿನಿಯರ್ ಎಂದು ಕರೆಯುವುದು ಈ ಊರಿನ ಪದ್ಧತಿ. ಇನ್ಶಿರಾಳ ಕಟ್ಟಡದಲ್ಲೇ ಎರಡನೆಯ ಮಹಡಿಯಲ್ಲಿದ್ದ. ಹೆಂಡತಿ ತೀರಿಕೊಂಡ ಮೇಲೆ ತಾರಸಿಯ ಮೇಲೆ ಪಾರಿವಾಳ ಸಾಕುವುದು, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವುದು, ಮಿಕ್ಕ ಹೊತ್ತು ಊರ ಉಸಾಬರಿ.

"ಇದರಲ್ಲಿ ಅರ್ಥ ಮಾಡ್ಕೊಳ್ಳೋಕೆ ಏನಿದೆ ಶೌಕಿ," ಎಂದ ಹಿಲ್ಮಿ, ಹುಕ್ಕಾದ ನಳಿಗೆ ಪಕ್ಕಕ್ಕಿಟ್ಟು. "ಹೆಂಗಸು ಬಾಯಿ ಬಿಟ್ಟು ಹೇಳಿದಾಳೆ. ಬಂದಿದ್ದೂ ಗೊತ್ತಾಗದ ಗಂಡಸು ಇದ್ದರೇನು, ಬಿಟ್ಟರೇನು?"

ಅಂಗಡಿಯಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಸತ್ತ ಫತ್ಹಿಯ ಗಾಡಿಯನ್ನು ಒಬ್ಬ ನೆನಪಿಸಿದ: ಕಾಲುವೆಯ ಸೇತುವೆ ದಾಟುವಾಗಲೇ ಇಲ್ಲಿ ಟೀ ಲೋಟ ಅಲುಗುತ್ತಿತ್ತಂತೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಇನ್ಶಿರಾ ಇದ್ದ ಕೆಲಸ ಬಿಟ್ಟು ಬಾಲ್ಕನಿಗೆ ಓಡಿಬರುತ್ತಿದ್ದಳಂತೆ. ಇದನ್ನು ಗಲ್ಲಿಯಲ್ಲಿ ನೋಡದವರೇ ಇಲ್ಲ. ಹಿಲ್ಮಿಯೂ ನೋಡಿದ್ದಾನೆ. "ಓಡಿ ಬರೋಳು, ಓಡಿ ಬರೋಳು," ಎಂದು ಅವನು ಎರಡು ಸಲ ಹೇಳಿದ.

ಶೌಕಿ ಲೆಕ್ಕ ಹಾಕಿ ನೋಡಿದ. ತನ್ನ ಸದ್ದಿಗೆ ಇನ್ಶಿರಾ ಇದುವರೆಗೆ ಓಡಿ ಬಂದದ್ದಿರಲಿ, ನಡೆದು ಬಂದದ್ದೂ ಇಲ್ಲ. ಹಗ್ಗ ಜಗ್ಗಿದರಷ್ಟೇ ಬುಟ್ಟಿ ಏರುತ್ತಿತ್ತು. ಸಂಜೆ ಬರುವ ಉತ್ತರ ಏನಿರಬಹುದೆಂದು ಅವನಿಗೆ ಆಗಲೇ ಕಾಣತೊಡಗಿತು.

ಹಿಲ್ಮಿ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದು ರೋಗ ಕಂಡುಹಿಡಿದ. ಗಾಡಿಯಲ್ಲಿ ಸಿಂಹವೇ ಇದೆ, ಆದರೆ ಅದರ ಮೂಗಿಗೆ ಬಟ್ಟೆ ಕಟ್ಟಿದ್ದಾರೆ. ಗಾಳಿಪೆಟ್ಟಿಗೆ ಕಿತ್ತು ಹಾಕಬೇಕು. ನಾಲ್ಕು ಕಾರ್ಬೊರೇಟರೂ ಬಯಲಿನ ಗಾಳಿಯನ್ನು ಬಾಯ್ತುಂಬ ಎಳೆಯಬೇಕು. ಆಗ ಈ ಗಾಡಿಯ ದನಿಯೇನೆಂದು ಮೂರನೆಯ ಮಹಡಿಗೆ ಗೊತ್ತಾಗುತ್ತದೆ.

ಮೂಲೆಯಲ್ಲಿ ಉಸ್ತಾ ಬರಕಾತನ ರಿಪೇರಿ ಅಂಗಡಿ. ಮೆಕ್ಯಾನಿಕ್ ಬರಕಾತ್ ಜೀವಮಾನವಿಡೀ ರಿಪೇರಿ ಮಾಡಿದ್ದು ಒಂದು ಸಿಲಿಂಡರಿನ ಗಾಡಿಗಳನ್ನು. ನಾಲ್ಕು ಸಿಲಿಂಡರಿನದನ್ನು ಹೊರಗಿನಿಂದ ನೋಡಿದ್ದ. ಹಾಗೆಂದು ಒಪ್ಪಿಕೊಳ್ಳುವುದುಂಟೇ? ಒಂದೇ ಕಾರ್ಬೊರೇಟರನ್ನು ನಾಲ್ಕು ಸಲ ರಿಪೇರಿ ಮಾಡಿದರೆ ಆಯಿತು ಎಂದು ತೋಳು ಮಡಚಿದ. ಗಾಳಿಪೆಟ್ಟಿಗೆ ಹೊರಬಂತು. ಅದನ್ನು ಇನ್ನೇನು ಮಾಡುತ್ತೀಯೆಂದು ಹಿಲ್ಮಿ ಕೇಳಿದ. ಶೌಕಿ ಏನೂ ಇಲ್ಲವೆಂದ. ಹಿಲ್ಮಿ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ತಾರಸಿಗೆ ಹೋದ, ಪಾರಿವಾಳಕ್ಕೆ ಗೂಡಾಗುತ್ತದಂತೆ.

ಪೆಟ್ಟಿಗೆಯಿಲ್ಲದ ಗಾಡಿಗೆ ಕಿಕ್ ಹೊಡೆದರೆ ಅದು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಆರಿಹೋಯಿತು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲುತ್ತಿರಲಿಲ್ಲ. ಪೆಟ್ರೋಲು ಬರುವ ಜೆಟ್ಟಿನ ತೂತು ದೊಡ್ಡದು ಮಾಡಬೇಕೆಂದು ಬರಕಾತ್ ಸೂಜಿಯಂಥ ಡ್ರಿಲ್ಲು ತೆಗೆದ. ಅಷ್ಟು ಹೊತ್ತಿಗೆ ಶುಕ್ರವಾರದ ನಮಾಜು ಮುಗಿಸಿ ಪೇಟೆಗೆ ಪೇಟೆಯೇ ಹೊರಬಂತು. ಬಂದವರಲ್ಲಿ ಒಬ್ಬನೂ ನೇರ ಮನೆಗೆ ಹೋಗಲಿಲ್ಲ. ಕ್ಷೌರಿಕ ತೂತು ಸಾಲದೆಂದ. ಬೇಯಿಸಿದ ಅವರೆ ಮಾರುವವನು ಅತಿಯಾಯಿತೆಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಬರಕಾತ್ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಎರಡು ಜೆಟ್ಟನ್ನು ಕ್ಷೌರಿಕನ ಮಾತಿನಂತೆ ಕೊರೆದ, ಎರಡಕ್ಕೆ ಅವರೆಯವನ ಮಾತಿನಂತೆ ಬೆಸುಗೆ ಹಾಕಿದ. ಹೊಟ್ಟೆ ಕೆಟ್ಟ ನಾಲ್ವರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದ ಹಾಗಾಯಿತು. ಗಾಡಿಯ ಒಂದು ಪಕ್ಕ ಕರಿಹೊಗೆ, ಇನ್ನೊಂದು ಪಕ್ಕ ಪಟಾಕಿ.

"ತೂತು ದೊಡ್ಡದು ಮಾಡಬಹುದು, ಸಣ್ಣದು ಮಾಡೋದು ಅಲ್ಲಾಹನ ಕೈಲಿದೆ," ಎಂದು ಬರಕಾತ್ ಬೆವರು ಒರೆಸಿಕೊಂಡ.

ಆಮೇಲೆ ಗಾಳಿ ಎದ್ದಿತು. ವಸಂತದಲ್ಲಿ ಮರುಭೂಮಿಯಿಂದ ಬೀಸುವ ಖಮಾಸೀನ್ ಹೇಳಿ ಕೇಳಿ ಬರುವ ನೆಂಟನಲ್ಲ. ಆಕಾಶ ಅರಿಸಿನವಾಯಿತು, ಹಲ್ಲಿನ ನಡುವೆ ಮರಳು ಕರಕರ ಎನ್ನತೊಡಗಿತು. ಸೋಸುವ ಪೆಟ್ಟಿಗೆಯಿಲ್ಲದೆ ಬಾಯಿ ತೆರೆದುಕೊಂಡಿದ್ದ ನಾಲ್ಕು ಕಾರ್ಬೊರೇಟರುಗಳಿಗೆ ಆ ಮರಳು ನೇರ ಒಳಗೆ. ಹೀಗೇ ಓಡಿಸಿದರೆ ಸಂಜೆಯೊಳಗೆ ಎಂಜಿನ್ನು ಮರಳು ಅರೆಯುವ ಗಿರಣಿಯಾಗುವುದು ಖಂಡಿತ. ಶೌಕಿ ಅಳುವುದೊಂದು ಬಾಕಿ.

ಅದಕ್ಕೂ ಹಿಲ್ಮಿಯ ಬಳಿ ಮದ್ದಿತ್ತು. ಹೆಂಗಸರ ಉದ್ದನೆಯ ನೈಲಾನ್ ಕಾಲುಚೀಲ. ಕಾರ್ಬೊರೇಟರಿಗೊಂದರಂತೆ ತೊಡಿಸಿ ತಂತಿ ಬಿಗಿದರೆ ಗಾಳಿ ಒಳಗೆ, ಮರಳು ಹೊರಗೆ. ಅವನೇ ತಂದುಕೊಡುತ್ತಿದ್ದ, ಆದರೆ ಪಾರಿವಾಳಗಳಿಗೆ ಕಾಳು ಹಾಕುವ ಹೊತ್ತಾಗಿತ್ತು.

ಗಲ್ಲಿಯಲ್ಲಿ ಕಾಲುಚೀಲ ಮಾರುವವಳು ಉಮ್ಮ್ ಸಾಬಿರ್ ಒಬ್ಬಳೇ. ಅವಳ ಅಂಗಡಿಯಲ್ಲಿ ಸಾಮಾನಿಗಿಂತ ಸುದ್ದಿಯ ವ್ಯಾಪಾರ ಹೆಚ್ಚು. ಶೌಕಿ ನೆಲ ನೋಡುತ್ತಾ ನಿಂತು, ಎರಡು ಜೊತೆ ಬೇಕೆಂದ.

"ಯಾರಿಗಪ್ಪಾ?" ಎಂದಳು ಉಮ್ಮ್ ಸಾಬಿರ್.

"ಗಾಡಿಗೆ."

"ಆಯ್ತಪ್ಪಾ, ಗಾಡಿಗೆ. ಗಾಡಿ ದಪ್ಪನಾ, ಸಣ್ಣನಾ? ಅಳತೆ ಬೇಕಲ್ಲ."

ಶೌಕಿ ಎರಡು ಕೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಕಾರ್ಬೊರೇಟರಿನ ಬಾಯಿಯಷ್ಟು ದುಂಡಗೆ ತೋರಿಸಿದ. ಇಷ್ಟು ಸಣ್ಣ ಕಾಲಿನವಳು ಕರ್ಮೂಜಿನಲ್ಲಿ ಯಾರಿದ್ದಾರೆಂದು ಉಮ್ಮ್ ಸಾಬಿರ್ ಯೋಚನೆಗೆ ಬಿದ್ದಳು. ಅವನು ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಪಕ್ಕದ ಮನೆಯ ಬುಟ್ಟಿ ಕೆಳಗೆ ಬಂತು; ಸಾಬೂನಿನ ಜೊತೆ ಸುದ್ದಿಯೂ ಮೇಲೆ ಹೋಯಿತು. ಅಲ್ಲಿಂದ ಬಾಲ್ಕನಿಯಿಂದ ಬಾಲ್ಕನಿಗೆ. ಗಾಳಿಸುದ್ದಿಗೆ ಖಮಾಸೀನಿನ ದಿನಕ್ಕಿಂತ ಒಳ್ಳೆಯ ದಿನ ಯಾವುದಿದೆ?

ಚರ್ಮದ ಬಣ್ಣದ ನಾಲ್ಕು ಕಾಲುಚೀಲಗಳನ್ನು ತೊಡಿಸಿದರು. ಉಳಿದ ಉದ್ದವನ್ನು ಕತ್ತರಿಸಲು ಬರಕಾತನಿಗೆ ಮನಸ್ಸಾಗಲಿಲ್ಲ, ಹೊಸದು, ಪಾಪ. ಹಾಗಾಗಿ ಅವು ಸೀಟಿನ ಕೆಳಗಿನಿಂದ ಇಳಿಬಿದ್ದು ಗಾಳಿಗೆ ಒದ್ದಾಡತೊಡಗಿದವು. ದೂರದಿಂದ ನೋಡಿದವರಿಗೆ, ಇಬ್ಬರು ಹೆಂಗಸರು ಗಾಡಿಯೊಳಗೆ ತಲೆಕೆಳಗಾಗಿ ಸಿಕ್ಕಿಕೊಂಡಂತೆ ಕಾಣುತ್ತಿತ್ತು. ಶೇಖ್ ಒಬ್ಬ ಆ ದಾರಿಯಾಗಿ ಬಂದವನು ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ದಾಟಿದ.

ಸಂಜೆಯ ನಮಾಜೂ ಮುಗಿಯಿತು. ಶೌಕಿ ಓಡಿಹೋಗಿ ಇಸ್ತ್ರಿ ಮಾಡಿಟ್ಟಿದ್ದ ಕಂದು ಸೂಟು ತೊಟ್ಟು ಬಂದ. ಹಾಜಿ ಮಿತ್ವಲ್ಲಿ ಆಗಲೇ ಮೇಲೆ ಹೋಗಿದ್ದಾನೆಂದು ಹಿಲ್ಮಿ ತಿಳಿಸಿದ. ಇನ್ನು ಮೇಲಿಂದ ಉತ್ತರ ಇಳಿದು ಬರುವ ಮೊದಲು ಗಾಡಿ ಮಾತಾಡಬೇಕು. ಕಾಫಿ ಅಂಗಡಿಯ ಕುರ್ಚಿಗಳೆಲ್ಲ ಬೀದಿಗೆ ಬಂದವು. ಬರಕಾತ್ ಬಿಸ್ಮಿಲ್ಲಾ ಎಂದ. ಶೌಕಿ ಕಿಕ್ ಹೊಡೆದ.

ಗಾಡಿ ಈ ಸಲ ಕೆಮ್ಮಲಿಲ್ಲ. ನಾಲ್ಕು ಬಾಯಿ ಒಟ್ಟಿಗೆ ತೆರೆದು, ವರ್ಷಗಟ್ಟಲೆ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿತು. ತಾರಸಿಯ ಪಾರಿವಾಳಗಳು ಒಟ್ಟಿಗೆ ಎದ್ದವು, ಬೆಕ್ಕು ಮೀನಿನ ತಲೆ ಬಿಟ್ಟು ಓಡಿತು, ಟೀ ಲೋಟಗಳು ತಟ್ಟೆಯ ಮೇಲೆ ಗಲಗಲ ಎಂದವು. ಶೌಕಿಗೆ ಮೈಯೆಲ್ಲ ಜುಮ್ಮೆಂದಿತು. ಹೊಗೆ ಅವನ ಸೂಟಿನ ಒಂದು ಪಕ್ಕವನ್ನು ಕಪ್ಪು ಮಾಡಿತ್ತು, ಮರಳು ಮುಖವನ್ನು ಹಳದಿ ಮಾಡಿತ್ತು. ಒಳಗೆ ಮಾತ್ರ ಅವನು ಮದುಮಗನೇ ಆಗಿದ್ದ. ಆಕ್ಸಿಲರೇಟರ್ ತಿರುವಿದ. ಇನ್ನೊಮ್ಮೆ ತಿರುವಿದ.

ಮೂರನೆಯ ಮಹಡಿಯಲ್ಲಿ ಇನ್ಶಿರಾ ಬಾಲ್ಕನಿಗೆ ಓಡಿಬಂದಳು.

"ಬಂದಳು!" ಎಂದು ಕಾಫಿ ಅಂಗಡಿ ಎದ್ದು ನಿಂತಿತು.

ಬಂದವಳು ಎಡಗಡೆಯ ಮರದ ಕದ ಎಳೆದು ಮುಚ್ಚಿದಳು. ಬಲಗಡೆಯದನ್ನೂ ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಹಾಜಿ ಮಿತ್ವಲ್ಲಿ ಮೆಟ್ಟಿಲಿಳಿದು ಬಂದು, ಮೊದಲು ಕೈ ಬೀಸಿ ಗಾಡಿ ಆರಿಸಲು ಹೇಳಿದ. ಆಮೇಲೆ ಅವನ ಕಣ್ಣು ಸೀಟಿನ ಕೆಳಗೆ ಹೋಯಿತು. ನಾಲ್ಕು ಕಾಲುಚೀಲಗಳನ್ನೂ ಒಂದೊಂದಾಗಿ ನೋಡಿದ.

"ಇವೇನಾ ಅವು?" ಎಂದ. "ಯಾರಿಗೆ ಕೊಂಡಿದಾರೆ ಅಂತ ತಂಗಿ ಮಧ್ಯಾಹ್ನದಿಂದ ಊಟ ಬಿಟ್ಟು ಕೂತಿದಾಳೆ. ಗಾಡಿಗೇ ತೊಡಿಸಿದೀರಲ್ಲ, ಅಷ್ಟು ಸಮಾಧಾನ."

ಉತ್ತರವೇನೆಂದು ಶೌಕಿ ಕೇಳಿದ. ಹಾಜಿ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದ. ಪಕ್ಕ ಎಂದರೆ, ಕಾಫಿ ಅಂಗಡಿಯವರಿಗೆ ಕುರ್ಚಿ ಸ್ವಲ್ಪ ಸರಿಸಿದರೆ ಕೇಳಿಸುವಷ್ಟು ದೂರ.

"ನೋಡಿ ತಮ್ಮಾ, ಬೆಳಗ್ಗೆ ತಂಗಿ ಒಪ್ಪಿಗೆ ಅಂದಿದ್ದಳು. ನಾನು ಯಾಕಮ್ಮಾ ಅವರೇ ಅಂತ ಕೇಳಿದೆ. ಅಣ್ಣಾ, ಅವರ ಗಾಡಿ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ, ಅಂಥವರ ಜೊತೆ ನೆಮ್ಮದಿಯಾಗಿ ಇರಬಹುದು ಅಂದಳು. ಫತ್ಹಿ ಬದುಕಿದ್ದಾಗ ಆ ದರಿದ್ರ ಸದ್ದಿಗೆ ತಲೆ ಸಿಡಿದು, ದಿನಾ ಓಡಿಬಂದು ಕದ ಮುಚ್ಚಿ ಮುಚ್ಚಿ ಅವಳಿಗೆ ಸಾಕಾಗಿತ್ತು. ಕೆಳಗಿನ ಮನೆಯವರ ಹತ್ತಿರ ಹೋಗಿ ಅಳೋಳು."

ಶೌಕಿ ಬಾಯಿ ತೆರೆದ. ಮರಳು ಒಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದರೆ ಇದೇ. ಇದನ್ನು ತೆಗೆದುಹಾಕುತ್ತೇನೆ, ಹಳೆಯ ಹಾಗೇ ಮಾಡುತ್ತೇನೆ, ಇದು ನನ್ನ ಬುದ್ಧಿಯಲ್ಲ ಎಂದು ಹಾಜಿಯ ಕೈ ಹಿಡಿದುಕೊಂಡ. ಹಾಜಿ ಕೆಟ್ಟವನಲ್ಲ. ಗಾಡಿ ಮೊದಲಿನಂತಾದ ದಿನ ಬನ್ನಿ, ತಂಗಿಯ ಬಳಿ ಮತ್ತೆ ಮಾತಾಡಿ ನೋಡೋಣ, ಇವತ್ತು ಅವಳಿಗೆ ತಲೆನೋವು ಎಂದ.

ಶೌಕಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ತಾರಸಿಗೆ ಓಡಿದ. ಹಿಲ್ಮಿ ಅವನಿಗಿಂತ ಮುಂಚೆಯೇ ಮೇಲೆ ಬಂದು ನಿಂತಿದ್ದ. ಗೂಡಿನ ಸಾಲಿನಲ್ಲಿ ಶೌಕಿಗೆ ತನ್ನ ಗಾಳಿಪೆಟ್ಟಿಗೆ ಕಂಡಿತು. ಅದರ ನಾಲ್ಕು ಕಿಂಡಿಗಳಲ್ಲೊಂದರಿಂದ ಬಿಳಿ ಪಾರಿವಾಳವೊಂದು ತಲೆ ಹೊರಹಾಕಿ, ಬಾಡಿಗೆ ಕೇಳಲು ಬಂದವನನ್ನು ನೋಡುವಂತೆ ನೋಡಿತು.

"ಮುಟ್ಟಬೇಡ ಶೌಕಿ," ಎಂದ ಹಿಲ್ಮಿ ಮೆಲ್ಲಗೆ. "ಮೊಟ್ಟೆ ಮೇಲೆ ಕೂತಿದೆ. ಕಾವಿಗೆ ಕೂತ ತಾಯಿನ ಎಬ್ಬಿಸೋದಾ? ಪಾಪ ಅಲ್ವಾ?"

ಒಂದೇ ದಿನದಲ್ಲಿ ಮೊಟ್ಟೆ ಎಲ್ಲಿಂದ ಬಂತೆಂದು ಶೌಕಿ ಕೇಳಿದ. ಹಳೆಯ ಗೂಡಿನಿಂದ ತಾನೇ ಮೊಟ್ಟೆ ಸಮೇತ ಇಲ್ಲಿಗೆ ಸ್ಥಳಾಂತರಿಸಿದೆ, ಹಳೆಯದು ಸೋರುತ್ತಿತ್ತು ಎಂದು ಹಿಲ್ಮಿ ವಿವರಿಸಿದ. ಮರಿಯಾಗಬೇಕು, ಮರಿಗೆ ರೆಕ್ಕೆ ಬರಬೇಕು. ಅಲ್ಲಿಯವರೆಗೆ ತಾಳ್ಮೆ ಬೇಕು; ತಾಳಿದವರ ಜೊತೆ ದೇವರಿದ್ದಾನೆ. ಕೆಟ್ಟ ಮೇಲೆ ಬುದ್ಧಿ ಬಂದವನು ಪಾರಿವಾಳದ ಜೊತೆ ಏನು ಜಗಳವಾಡುವುದು? ಶೌಕಿ ಇಳಿದು ಬಂದ.

ಆದರೂ ಬೆಳಗಾಗುವಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು, ಅವನ ಬಾಳಿನಲ್ಲಿ ಯಾರ ಸಲಹೆಯೂ ಇಲ್ಲದೆ ಹೊಳೆದ ಮೊದಲ ಉಪಾಯ. ಬೇಕರಿಯಲ್ಲಿ ರೊಟ್ಟಿ ಕೊಂಡವನು ಗಾಡಿಗೆ ಕಿಕ್ ಹೊಡೆಯಲಿಲ್ಲ. ಅಷ್ಟು ದೊಡ್ಡ ಗಾಡಿಯನ್ನು ತಳ್ಳಿಕೊಂಡೇ ಹೊರಟ. ಸದ್ದಿಲ್ಲದೆ ಹೋಗಿ ಹಗ್ಗ ಜಗ್ಗಿದರೆ ಅವಳಿಗೆ ಅರ್ಥವಾಗುತ್ತದೆ. ಸೇತುವೆಯ ಏರಿನಲ್ಲಿ ಅವನ ಎದೆ ಗಾಳಿಪೆಟ್ಟಿಗೆಯಿಲ್ಲದ ಗಾಡಿಯಂತೆಯೇ ಬುಸುಗುಟ್ಟಿತು. ಕಾಲುಚೀಲಗಳು ಅವನ ಕಾಲಿಗೆ ತೊಡರಿದವು. ಬಟ್ಟೆಯೆಲ್ಲ ಬೆವರಾಗಿ, ರೊಟ್ಟಿ ತಣ್ಣಗಾಗಿ, ಅಂತೂ ಗಲ್ಲಿಯ ತಿರುವಿಗೆ ಬಂದ.

ಬಾಲ್ಕನಿಯ ಕದ ತೆರೆದಿತ್ತು. ಬುಟ್ಟಿ ಆಗಲೇ ಮೇಲೆ ಹೋಗುತ್ತಿತ್ತು, ಅದರಲ್ಲಿ ಹಬೆಯಾಡುವ ರೊಟ್ಟಿ. ಕೆಳಗೆ, ಎಣ್ಣೆ ಬಿಟ್ಟ ಚೈನಿನ ಸೈಕಲ್ಲಿಗೆ ಒರಗಿಕೊಂಡು, ಕನ್ನಡಕ ಒರೆಸುತ್ತಾ ಇಂಜಿನಿಯರ್ ಹಿಲ್ಮಿ ನಿಂತಿದ್ದ. ಹೊಸ ಶರ್ಟು ಹಾಕಿದ್ದ.

ಕೆಳಗಿನ ಮನೆಯವರು ಯಾರೆಂದು ಶೌಕಿಗೆ ಆಗ ಹೊಳೆಯಿತು.

ಮೂರನೆಯ ಮಹಡಿಯಿಂದ ದನಿ ಬಂತು. ಈ ಸಲ ಅದು ನಗುತ್ತಿತ್ತೆಂದು ಕಿವುಡನಿಗೂ ತಿಳಿಯುತ್ತಿತ್ತು.

"ಇಂಜಿನಿಯರ್ ಸಾಹೇಬ್ರೇ, ನಿಮ್ಮ ಸೈಕಲ್ಲು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ ನೋಡಿ."

ಹಿಲ್ಮಿ ಮೇಲೆ ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಆಮೇಲೆ ತಿರುಗಿ, ತಣ್ಣನೆಯ ರೊಟ್ಟಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ಶೌಕಿಯನ್ನೂ ಅವನ ಗಾಡಿಯನ್ನೂ ಕನಿಕರದಿಂದ ನೋಡಿದ.

"ತಳ್ಕೊಂಡು ಬಂದ್ಯಾ?" ಎಂದ. "ಜೆಟ್ಟಿನ ತೂತು ಇನ್ನೂ ಸಾಲದು ಅನ್ಸುತ್ತೆ. ಬರಕಾತ್ ಹತ್ರ ಒಂದ್ಸಲ ತೋರಿಸಿಬಿಡು."